ಅತ್ತೆಯ ಸ್ವೆಟರಿಗೆ ನನ್ನ ತಿದ್ದುಪಡಿಗಳು

ನಮ್ಮ ಮನೆಯ ಗೋಡೆಗೆ ತೂಗುಹಾಕಿರುವ ಗ್ರೂಪ್ ಫೋಟೊ ನೋಡಿದವರು ಮೊದಲು ಕೇಳುವುದು, "ಇವರೆಲ್ಲ ಯಾವ ಬ್ಯಾಂಡ್ ಪಾರ್ಟಿಯವರು?" ಎಂದು. ಅಪ್ಪ, ಅವ್ವ, ಕಾಕಾ, ಕಾಕಾನ ಮಕ್ಕಳು, ಮುಂದಿನ ಸಾಲಿನಲ್ಲಿ ಹಲ್ಲು ಬಿದ್ದ ನಾನು. ಎಲ್ಲರ ಮೈಮೇಲೂ ಒಂದೇ ಸ್ವೆಟರ್. ಕಾಫಿಪುಡಿ ಬಣ್ಣ, ಎದೆಯ ಮೇಲೆ ಶಂಕರಪಾಳಿ ಆಕಾರದ ಚೌಕಗಳ ಸಾಲು, ಗಂಟಲಿಗೆ ಅಂಟಿ ಕೂತ ಕುತ್ತಿಗೆಪಟ್ಟಿ. ಫೋಟೊದಲ್ಲಿ ಯಾರೂ ನಗುತ್ತಿಲ್ಲ. ಅವ್ವನ ಪ್ರಕಾರ ಅದು ಆ ಕಾಲದ ಗಾಂಭೀರ್ಯ. ನನ್ನ ಪ್ರಕಾರ ಉಸಿರಾಟದ ತೊಂದರೆ.

ಅವನ್ನೆಲ್ಲ ಹೆಣೆದವಳು ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ. ಸೇಡಂ ಸುತ್ತಲಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ತಾನು ಹೇಳಿದ್ದು ಅವಳಿಗೆ ಅಭಿಪ್ರಾಯವಲ್ಲ, ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಉತ್ತರ. ಹೊಸದಾಗಿ ಮದುವೆಯಾಗಿ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ, ಉತ್ತರದ ಕಡೆಯಿಂದ ವರ್ಗವಾಗಿ ಬಂದ ಪಕ್ಕದ ಮನೆಯ ಹೆಂಗಸಿನಿಂದ, ನಮ್ಮ ಮನೆಮಾತಿನಲ್ಲಿ 'ವಾಡಿ ಬಾಯಿ'ಯಿಂದ, ಈ ನಮೂನೆ ಕಲಿತಳಂತೆ. ಆಮೇಲೆ ಅದನ್ನು ಬಿಡಲಿಲ್ಲ. ಹಿಮ ಬೀಳುವ ಸೀಮೆಗೆಂದು ಹುಟ್ಟಿದ ಸ್ವೆಟರನ್ನು, ಬೇಸಿಗೆಯಲ್ಲಿ ನಲ್ಲಿಯ ನೀರಿಗೇ ಚಹಾಪುಡಿ ಹಾಕಬಹುದಾದ ನಮ್ಮ ಊರುಗಳಿಗೆ ತಂದು ನೆಲೆಗೊಳಿಸಿದ ಕೀರ್ತಿ ಅವಳದು. ಚಳಿ ನಮ್ಮ ಶಹಾಬಾದಿಗೆ ದೂರದ ನೆಂಟರ ಹಾಗೆ ಬಂದು, ಚೀಲ ಬಿಚ್ಚುವ ಮೊದಲೇ ಹೊರಟುಹೋಗುತ್ತದೆ. ಆದರೆ ಇರುವಷ್ಟು ದಿನ ಮನೆ ತುಂಬ ಹಾಸಿದ ಫರ್ಶಿ ಕಲ್ಲು ಅಂಗಾಲಿನಿಂದ ನೆತ್ತಿಯವರೆಗೆ ಕಚ್ಚುತ್ತದೆ. ಇಷ್ಟನ್ನು ಎದುರು ಪಕ್ಷಕ್ಕೆ ಈಗಲೇ ಬಿಟ್ಟುಕೊಡುತ್ತೇನೆ.

ನಮ್ಮ ಮನೆಯ ಒಂದು ಪದ್ಧತಿಯನ್ನೂ ಹೇಳಬೇಕು. ಹೊಸ ಸ್ವೆಟರನ್ನು ನಮ್ಮಲ್ಲಿ ಯಾರೂ ತಾವಾಗಿ ತೊಡುವಂತಿಲ್ಲ. ಎಳ್ಳಮಾವಾಸ್ಯೆಯ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಚಿತ್ತಾಪುರದ ಕಡೆಯ ಹೊಲಕ್ಕೆ ಹೋಗುತ್ತೇವೆ. ಬುತ್ತಿಯಲ್ಲಿ ಮೊದಲ ಪಾಲು ಭೂಮಿಗೆ. ಅದನ್ನು ಬೆಳೆಯ ಸುತ್ತ ಎರಚಿ ಚರಗ ಚೆಲ್ಲಿದ ಮೇಲೆ, ಊಟಕ್ಕೆ ಕೂರುವ ಮೊದಲು, ಅತ್ತೆ ಎದ್ದು ನಿಂತು ಹೊಸ ಸ್ವೆಟರನ್ನು ಅವರವರ ತಲೆಯ ಮೇಲಿಂದ ತಾನೇ ಇಳಿಸುತ್ತಾಳೆ. ಅವಳ ಕೈಯಿಂದ ಇಳಿಯದಿದ್ದರೆ ಅದು ಸ್ವೆಟರಲ್ಲ, ಉಲನ್ನಿನ ಚೀಲ. ಇದಕ್ಕೆ ಆಧಾರವೇನು ಎಂದು ಕೇಳಿದ್ದೇನೆ. "ನಾನೇ" ಎಂಬ ಉತ್ತರ ಬಂದಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾಲಿಗೆ ಮಸೆದುಕೊಂಡು ದೇವರು, ಗ್ರಹ, ಮುಹೂರ್ತ ಎಲ್ಲವನ್ನೂ ಕಟಕಟೆಗೆ ಹತ್ತಿಸಿದ ನಾನು, ಆ ಒಂದು ಗಳಿಗೆಯಲ್ಲಿ ಮಾತ್ರ ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಂತಿದ್ದೇನೆ. ಕಾರಣ ಕೇಳಬೇಡಿ. ನಿಂತಿದ್ದೇನೆ, ಅಷ್ಟೆ.

ಹೋದ ಚಳಿಗಾಲದಲ್ಲಿ ನನಗೆ ಬೇಕಿದ್ದದ್ದು ಇದು: ಸ್ವೆಟರ್ ನನ್ನ ಇಷ್ಟದಂತಿರಬೇಕು, ಮತ್ತು ಅದು ಅತ್ತೆಯ ಕೈಯಿಂದಲೇ ತಲೆಯ ಮೇಲಿಳಿಯಬೇಕು. ಕೇಳುವವರಿಗೆ ಸಣ್ಣ ಬೇಡಿಕೆ. ಅತ್ತೆಯನ್ನು ಬಲ್ಲವರಿಗೆ ಗೊತ್ತು, ಇದರಲ್ಲಿ ಮೊದಲನೆಯದು ಎರಡನೆಯದನ್ನು ನುಂಗುತ್ತದೆ.

ದೀಪಾವಳಿ ಮುಗಿದ ಮೇಲೆ ಅತ್ತೆ ಸೇಡಂನಿಂದ ವಾಡಿ ಮಾರ್ಗವಾಗಿ ರೈಲು ಹಿಡಿದು ನಮ್ಮಲ್ಲಿಗೆ ಬಂದಳು. ಎಳ್ಳಮಾವಾಸ್ಯೆ ಮುಗಿಯುವ ತನಕ ಇರುವುದು ಅವಳ ವಾಡಿಕೆ. ಚೀಲದಿಂದ ಕಡ್ಡಿಗಳನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಈ ಸಲ ಹೆಬ್ಬಟ್ಟು ಭಾಳ ನೋಯ್ಲಿಕತ್ತದ. ನಿಂದು ನೀ ಹೆಣಕೋ. ಕುತಗಿ ಅಷ್ಟು ನಾ ಮುಗಿಸಿ ಕೊಡ್ತೀನಿ."

"ನಂದು ನಾ ಹೆಣಕೊಂಡ್ರ, ನಮೂನಿನೂ ನಂದೇ ಅಲ್ಲೇನು ಅತ್ತಿ?"

"ನಮೂನಿ ಏನು ನಿನ್ನ ಭಾಷಣ ಅಂತ ತಿಳದೀಯೇನು, ದಿನಕ್ಕೊಂದು ಬದಲ್ ಮಾಡ್ಲಿಕ್ಕ?"

ಹೀಗೆ ಶುರುವಾಯಿತು. ಬಜಾರಿನ ಉಲನ್ ಅಂಗಡಿಯಲ್ಲಿ ನಾನು ಕುಸುಬೆ ಹೂವಿನ ಬಣ್ಣದ ಉಂಡೆಗಳನ್ನು ಆರಿಸಿದೆ, ಹಳದಿಯೂ ಅಲ್ಲದ ಕೇಸರಿಯೂ ಅಲ್ಲದ, ಕಣ್ಣಿಗೆ ಹೊಡೆಯುವಂಥವು. ಅತ್ತೆ ಅವನ್ನು ಮನೆಗೆ ಬರುವ ತನಕ ನೋಡದೆ, ಬಂದ ಮೇಲೆ ನೋಡಿ ಹೇಳಿದಳು: "ಇದನ್ನ ಹಾಕ್ಕೊಂಡು ಹೊಲದಾಗ ನಿಂತ್ರ, ಬೆಳಿ ಬಂದದ ಅಂತ ಕೊಯ್ದುಬಿಡ್ತಾರ ನಿನ್ನ."

ಶಂಕರಪಾಳಿ ಸಾಲನ್ನು ಕೈಬಿಟ್ಟೆ. ಎದೆಯ ಮೇಲೆ ತಿಂಡಿ ಯಾಕೆ ಎಂದು ಕೇಳಿದ್ದಕ್ಕೆ ಅವಳು, "ತಿಂಡಿ ಕಂಡ್ರ ಬಾಯಿ ಸ್ವಲ್ಪ ಹೊತ್ತರ ಮುಚ್ಚತೀ ಅಂತ" ಎಂದಳು. ಜೇಬಿನ ವಿಷಯದಲ್ಲಿ ನಾನು ಪೂರ್ತಿ ತಯಾರಾಗಿ ಬಂದಿದ್ದೆ.

"ಹೆಣ್ಮಕ್ಕಳ ಸ್ವೆಟರಿಗಿ ಜೇಬ ಎಲ್ಲೆರೆ ನೋಡೀದೇನು?"

"ಅಪ್ಪಂದಕ್ಕ ಅದ, ಕಾಕಾಂದಕ್ಕ ಅದ. ಯಾಕಿಟ್ಟಿ?"

"ಚಳಿಗಿ ಕೈ ಇಟ್ಕೋತಾರ."

"ನನಗ ಕೈ ಇಲ್ಲೇನು?"

ಅತ್ತೆ ಉಲನ್ನಿನ ಉಂಡೆಗಳನ್ನು ಎಣಿಸತೊಡಗಿದಳು. ಅವಳ ವಿಷಯದಲ್ಲಿ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಕು. ಕುತ್ತಿಗೆ ಸಡಿಲವಾಗಿರಬೇಕು, ಪಟ್ಟಿಯೊಳಗೆ ಬೆರಳು ಆಡುವಷ್ಟು ಎಂದೆ. "ಹೂಂ" ಎಂದಳು. ಆ "ಹೂಂ" ಅನ್ನು ನಾನು ಆಗಲೇ ಪರೀಕ್ಷಿಸಬೇಕಿತ್ತು.

ಬಿಸಿಲು ಬಿದ್ದ ಹೊತ್ತಿಗೆ ಅಂಗಳದ ಫರ್ಶಿಯ ಮೇಲೆ ಚಾಪೆ ಹಾಸಿಕೊಂಡು ಕೂತು ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಹಾಕುತ್ತ ಹೋದೆ. ಅತ್ತೆ ಎದುರಿಗೆ ಕೂತು ಕೈ ಕಟ್ಟಿಕೊಂಡು ನರಳುತ್ತಿದ್ದಳು, ಹೆಬ್ಬೆರಳಿನ ನೋವಿಗಲ್ಲ, ನನ್ನ ತಿದ್ದುಪಡಿಗಳಿಗೆ.

"ನೀನೂ ಆ ವಾಡಿ ಬಾಯಿ ನಮೂನಿ ಬದಲ್ ಮಾಡೀದಿ ಅತ್ತಿ. ಅಕಿದು ತೋಳು ಭಾಳ ಅಗಲ ಇತ್ತು ಅಂತ ನೀನೇ ಹೇಳೀದಿ."

"ನಾ ಮಾಡಿದ್ದು ಬದಲಾವಣಿ ಅಲ್ಲ. ರಿಪೇರಿ."

"ನಾನೂ ಅದನ್ನೇ ಮಾಡ್ಲಿಕತ್ತೀನಿ."

"ನೀ ಮಾಡ್ಲಿಕತ್ತಿದ್ದು ಹಾಳು. ಫರಕ್ ತಿಳ್ಕೋ."

ಇಷ್ಟರವರೆಗೆ ಎಲ್ಲವೂ ಆಟವೇ. ಜಗಳ ಹತ್ತಿದ್ದು ಒಂದು ಕುಣಿಕೆಯ ಮೇಲೆ. ಅತ್ತೆ ಹೆಣೆದ ಪ್ರತಿಯೊಂದು ಸ್ವೆಟರಿನ ಎಡ ಬಗಲಿನಲ್ಲಿ ಒಂದೇ ಒಂದು ಕುಣಿಕೆ ಕಪ್ಪು ಉಲನ್ನಿನದು. ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತಾರಲ್ಲ, ಅದೇ ಲೆಕ್ಕ. ಕೆಲಸ ಚೆನ್ನಾಗಿದ್ದರೆ ಕಣ್ಣು ತಾಗುತ್ತದೆ, ಆದ್ದರಿಂದ ಬೇಕೆಂದೇ ಒಂದು ತಪ್ಪು. ನಾನು ಬಗಲಿನವರೆಗೆ ಹೆಣೆದು ಬಂದಾಗ ಅತ್ತೆ ಸೆರಗಿನ ಗಂಟಿನಿಂದ ಕಪ್ಪು ಎಳೆಯ ತುಂಡೊಂದನ್ನು ಬಿಚ್ಚಿ ಚಾಚಿದಳು.

"ಬ್ಯಾಡ," ಎಂದೆ.

"ಏನ್ ಬ್ಯಾಡ?"

"ಇದು. ಗಲ್ಲದ ಬೊಟ್ಟು ಎದುರಿಗಿರ್ತದ, ನೋಡೋರಿಗಿ ಕಾಣ್ತದ. ಇದನ್ನ ಬಗಲಾಗ ಮುಚ್ಚಿಟ್ಟರ ದೃಷ್ಟಿ ಹಚ್ಚೋರಿಗಿ ಕಾಣೋದು ಹ್ಯಾಂಗ? ಮನಿಯೊಳಗ ಚಿಲಕ ಹಾಕ್ಕೊಂಡು ಕುಂತ ಪೊಲೀಸನಂಗ ಆಯ್ತಲ್ಲ."

"ಕಾಣದ ಪೊಲೀಸನೇ ಕಳ್ಳರನ್ನ ಹಿಡಿಯೋದು."

"ಕಾಕಾ ಚಿಂಚೋಳಿ ಘಾಟಿನಾಗ ಬೈಕ್ ಮ್ಯಾಲಿಂದ ಬಿದ್ದಾಗ ಇದೇ ಸ್ವೆಟರ್ ಹಾಕಿದ್ದ."

"ಬಿದ್ದ. ಸತ್ತನೇನು?"

"ಅಂದ್ರ, ಬಿದ್ರೂ ಕರಿ ಕುಣಿಕಿ ಕಾಯ್ತು, ಬೀಳದಿದ್ರೂ ಕಾಯ್ತು! ಸೋಲಲಿಕ್ಕೆ ಜಾಗಾನೇ ಇಲ್ಲದ ವಾದ ವಾದ ಅಲ್ಲ ಅತ್ತಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದೇ ಬೇರೆ: ಎದುರಾಳಿ ತಡವರಿಸಿದಾಗ ಕೊನೆಯ ಪ್ರಶ್ನೆ ಕೇಳು. ಕೇಳಿದೆ.

"ನಿನ್ನ ಸ್ವೆಟರಿನಾಗ ಅದ ಏನು?"

ಇರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಎಲ್ಲರಿಗೂ ಹಾಕಿದವಳು ತನ್ನದಕ್ಕೆ ಹಾಕಿಕೊಂಡಿರಲಿಲ್ಲ. ಅತ್ತೆ ಕಪ್ಪು ಎಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

"ಗೆದ್ದಿ ಬಿಡು," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಕರಿ ಕುಣಿಕಿ ಸುಳ್ಳು ಅಂದಮ್ಯಾಗ, ತಲಿ ಮ್ಯಾಲಿಂದ ನಾ ಇಳಸೋದೂ ಸುಳ್ಳೇ ಆಯ್ತಲ್ಲ. ನಿನಗ ಕೈ ಅವ. ಕುತಗಿನೂ ನೀನೇ ಮುಗಿಸ್ಕೋ, ನೀನೇ ಹಾಕ್ಕೋ."

ಎದ್ದು ಒಳಗೆ ಹೋದಳು. ನಾನು ಅಂಗಳದಲ್ಲಿ, ಸಂಪೂರ್ಣವಾಗಿ ಗೆದ್ದು, ಕೂತಿದ್ದೆ. ತರ್ಕದಲ್ಲಿ ಹುಳುಕೇ ಇರಲಿಲ್ಲ. ನನ್ನ ವಾದವನ್ನೇ ಅವಳು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಳು. ಆ ಹೆಜ್ಜೆ ನನ್ನ ಕಾಲಿನ ಮೇಲೆಯೇ ಬಿದ್ದಿತ್ತು.

ಒಳಗಿನಿಂದ ಅವ್ವ ಬಂದು ಬಾಗಿಲಲ್ಲಿ ನಿಂತಳು. "ಗೆದ್ದೀಯಲ್ಲ? ಶೋಕೇಸಿನಾಗ ಚರ್ಚಾಕೂಟದಾಗ ಗೆದ್ದ ಟ್ರೋಫಿಗಳು ಅವ ನೋಡು. ಅದರಾಗ ಒಂದು ಹಾಕ್ಕೊಂಡು ಹೋಗು ಎಳ್ಳಮಾಸಿಗಿ. ಚಳಿ ಆಗಲ್ಲ."

ಆಮೇಲಿನ ದಿನಗಳಲ್ಲಿ ಅತ್ತೆ ನನ್ನೊಂದಿಗೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಎದುರಿಸಬಹುದಿತ್ತು. ಬದಲಿಗೆ ಭಾಳ ಮರ್ಯಾದೆಯಿಂದ ಮಾತಾಡತೊಡಗಿದಳು. "ಚಹಾ ತಗೋರಿ ವಕೀಲ್ ಸಾಬ್ರ," "ಕುಂದ್ರಿ ವಕೀಲ್ ಸಾಬ್ರ." ನಾನು ಹಟದಿಂದ ತೋಳುಗಳನ್ನು ಮುಗಿಸಿದೆ, ಹಿಂದು ಮುಂದು ಜೋಡಿಸಿದೆ, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು ಕುತ್ತಿಗೆಗೂ ಕೈ ಹಾಕಿದೆ. ಸಡಿಲ ಬೇಕು ಎಂದವಳ ಕೈಯಲ್ಲಿ ಅದು ಎಷ್ಟು ಸಡಿಲವಾಯಿತೆಂದರೆ, ತೊಟ್ಟು ನಿಂತಾಗ ಒಂದು ಭುಜದಿಂದ ಜಾರಿ ಮೊಣಕೈಯಲ್ಲಿ ನಿಂತಿತು. ಅಪ್ಪ ಪೇಪರಿನ ಮೇಲಿಂದ ನೋಡಿ, "ಛಲೋ ಆಗ್ಯದ. ಇನ್ನೊಬ್ಬರು ಹಿಡೀತಾರ ಅದರಾಗ" ಎಂದ. ಬಿಚ್ಚಿದೆ. ಕುತ್ತಿಗೆಯ ಕುಣಿಕೆಗಳು ಜಾರದಂತೆ ಒಂದು ದಾರ ಪೋಣಿಸಿಟ್ಟೆ. ಎಳ್ಳಮಾವಾಸ್ಯೆ ಹತ್ತಿರವಾಗುತ್ತಿತ್ತು.

ಕ್ಷಮೆ ಕೇಳು ಎಂದು ಅವ್ವ ಹೇಳಿದಳು. ಯಾವುದಕ್ಕೆ? ಪ್ರಶ್ನೆ ಸರಿಯಾಗಿಯೇ ಇತ್ತು. ಸುಳ್ಳು ಕ್ಷಮೆ ಅತ್ತೆಗೆ ಗೊತ್ತಾಗುತ್ತದೆ. ಶಾಲೆ ತಪ್ಪಿಸುವ ಮಕ್ಕಳ ಹೊಟ್ಟೆನೋವುಗಳನ್ನು ಜೀವಮಾನವಿಡೀ ತನಿಖೆ ಮಾಡಿದವಳು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಆದ್ದರಿಂದ ಅದನ್ನೇ ಬಳಸಿದೆ.

"ಅತ್ತಿ, ನಮ್ಮ ಚರ್ಚಾಕೂಟದಾಗ ಒಂದು ಕಸರತ್ತು ಅದ. ಯಾರು ಯಾವ ಪಕ್ಷ ಹಿಡಿದಿರ್ತಾರೋ, ಅದನ್ನ ಅದಲು ಬದಲು ಮಾಡ್ತಾರ. ನೀ ಕರಿ ಕುಣಿಕಿ ಬ್ಯಾಡ ಅನ್ನು. ನಾ ಬೇಕಂತೀನಿ."

"ನನಗೇನ್ ಹುಚ್ಚು ಹಿಡದದೇನು?"

"ಸೋಲ್ತೀನಿ ಅಂತ ಅಂಜಿಕಿ ಇದ್ರ ಬ್ಯಾಡ."

ಗಣಿತದ ಮಾಸ್ತರಣಿಗೆ ಈ ಮಾತು ಹೇಳಬಾರದು. ಅತ್ತೆ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ನೆಟ್ಟಗೆ ಕೂತಳು. ಅವ್ವ ಪಕ್ಕದಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು, ಅವಳೇ ಸಭಿಕರು. ಅಪ್ಪನನ್ನು ಅಧ್ಯಕ್ಷನನ್ನಾಗಿ ಮಾಡಿದೆವು. ಅವನು ಪೇಪರ್ ಕೆಳಗಿಡುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡ.

"ಅಧ್ಯಕ್ಷರೇ," ಅತ್ತೆ ತನ್ನ ತಮ್ಮನಿಗೆ ಕೈ ಮುಗಿದು ಶುರು ಮಾಡಿದಳು. "ಬಂಗಾರದಂಥಾ ಬಣ್ಣದಾಗ ಕರಿ ಚುಕ್ಕಿ ಇಟ್ರ ಕುಸುಬಿಗಿ ಹೇನು ಹತ್ತಿದಂಗ ಕಾಣ್ತದ. ಔಷಧ ಹೊಡೀರಿ ಅಂತಾರ ನೋಡಿದವರು. ಎರಡನೇ ಮಾತು. ದೃಷ್ಟಿ ತಾಕಬೇಕಂದ್ರ ಯಾರರೆ ನಿಂತು ನೋಡಬೇಕು. ಈ ಪೋರಿ ಬಾಯಿ ತೆರದ್ರ ಯಾರ್ ನಿಂದ್ರತಾರ? ಓಡೋರ ದೃಷ್ಟಿ ತಾಕಲ್ಲ. ಇಕಿಗಿ ಕಾವಲು ಯಾಕ?"

ಅವ್ವ ತೊಗರಿಕಾಯಿ ಬಿಟ್ಟು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಬೇಕಿತ್ತು, ನನ್ನ ವಾದಕ್ಕಿಂತ ಚೆನ್ನಾಗಿತ್ತು. ಅತ್ತೆಗೆ ಹುಮ್ಮಸ್ಸು ಬಂತು.

"ಮೂರನೇದು. ಮುದುಕಿ ತನ್ನ ಸ್ವೆಟರಿಗಿ ಯಾಕ ಹಾಕ್ಕೊಂಡಿಲ್ಲ ಅಂತ ವಕೀಲ್ ಸಾಬ್ರು ಕೇಳಿದ್ರು. ಹಾಕೋರು ಬ್ಯಾರೆಯವರು ಇರಬೇಕು ಅದಕ್ಕ. ತನಗ ತಾನೇ ಬೊಟ್ಟು ಇಟ್ಕೋತಾರೇನು ಯಾರರೆ? ಇನ್ನ ಹಾಕೋ ಮುದುಕಿ ಹೆಬ್ಬಟ್ಟು ಹೋಗ್ಯದ. ನಾಳಿ ಹಾಕೋರಿಲ್ಲ. ಇಂದೇ ಬಿಟ್ಟುಬಿಟ್ರ ಯಾರಿಗೂ ತ್ರಾಸ ಇಲ್ಲ."

ಅಪ್ಪ ಪೇಪರನ್ನು ಕೆಳಗಿಟ್ಟ.

ನನ್ನ ಸರದಿ. ದೃಷ್ಟಿಯ ಪರವಾಗಿ ಮಾತಾಡಲು ನನ್ನಿಂದ ಆಗದು, ಬೇರೆ ದಾರಿ ಹುಡುಕಬೇಕಿತ್ತು. "ಅಧ್ಯಕ್ಷರೇ, ಚಳಿಗಾಲದ ಚರ್ಚಾಕೂಟಗಳಾಗ ನಾನು ವೇದಿಕಿ ಹಿಂದ ಕೈ ಕಟ್ಟಿಕೊಂಡು ನಿಂದ್ರತೀನಿ. ಎಲ್ಲಾರೂ ಧೈರ್ಯ ಅಂತ ತಿಳೀತಾರ. ಬಲಗೈ ಬೆರಳು ಹಳೇ ಸ್ವೆಟರಿನ ಎಡ ಬಗಲಾಗ ಇರ್ತದ. ಅಲ್ಲಿ ಒಂದು ಗಂಟು ಅದ, ಕರಿ ಎಳಿ ಕಟ್ಟಿದ್ದು. ಅದನ್ನ ತಿಕ್ಕೋತ ನಿಂತಿರ್ತೀನಿ, ಹೆಸರು ಕರೆಯೋ ತನಕ. ಅದು ನನ್ನ ಕಾಯ್ತದ ಅಂತ ನಾ ಒಪ್ಪಲ್ಲ. ಅಲ್ಲೇ ಅದ ಅಂತಷ್ಟೇ ಹೇಳ್ತೀನಿ."

ಗೆಲ್ಲಲೆಂದು ಹುಡುಕಿ ತೆಗೆದ ವಾದ ಅದು. ಹೇಳುತ್ತಾ ಹೇಳುತ್ತಾ ಅದು ನಿಜವೆಂದು ಗೊತ್ತಾಗಿ, ಎಲ್ಲಿ ನೋಡಬೇಕೆಂದು ತಿಳಿಯದೆ ತೊಗರಿಕಾಯಿಯ ಬುಟ್ಟಿಯನ್ನು ನೋಡಿದೆ.

ಅಧ್ಯಕ್ಷರು ತೀರ್ಪು ಕೊಟ್ಟರು: "ಇಬ್ಬರೂ ಸೋತ್ರಿ. ಚಹಾ ಇಡ್ರಿ ಯಾರರೆ."

ಅತ್ತೆ ಕೈ ಚಾಚಿ ಸ್ವೆಟರನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಸೆರಗಿನ ಗಂಟು ಬಿಚ್ಚಿ, ಕಪ್ಪು ಎಳೆಯನ್ನು ದಪ್ಪ ಸೂಜಿಗೆ ಪೋಣಿಸಿದಳು. ಬಗಲಿನ ಕಡೆ ಸೂಜಿ ಹೊರಟಾಗ ನಾನು ಕೈ ಹಿಡಿದೆ.

"ಅಲ್ಲಲ್ಲ. ಜೇಬಿನ ಬಾಯಿಗಿ ಹಾಕು. ಎದುರಿಗಿ."

"ಎದುರಿಗೇ? ಎಲ್ಲಾರಿಗೂ ಕಾಣ್ತದಲ್ಲೇ!"

"ಕಾಣಲಿ. ನನಗ ಹಂಗೇ ಬೇಕು."

"ಯಾಕ ಬೇಕು? ಕಾರಣ ಹೇಳು ನೋಡೋಣ."

ಕಾರಣ ಇರಲಿಲ್ಲ. ಕುಸುಬೆಯ ಬಣ್ಣದ ಮೇಲೆ ಒಂದು ಕಪ್ಪು ಹನಿ ಚೆಂದ ಕಾಣುತ್ತದೆ ಎಂದು ಆ ಕ್ಷಣದಲ್ಲಿ ಅನ್ನಿಸಿತ್ತು, ಅಷ್ಟೆ. "ಛಲೋ ಕಾಣ್ತದ," ಎಂದೆ. ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿದಳು. "ಇಷ್ಟ್ ದಿನದಾಗ ಇದೊಂದು ಮಾತು ಸೀದಾ ಆಡೀದಿ," ಎಂದು ಜೇಬಿನ ಅಂಚಿಗೆ ಸೂಜಿ ಚುಚ್ಚಿದಳು.

ಕುತ್ತಿಗೆಯನ್ನು ಅವಳು ನೋವಿನ ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡು ನಿಧಾನವಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪ, ಒಳಕೋಣೆಯಲ್ಲಿ ಕೂತು ಹೆಣೆದಳು. "ಸಡಲ ಇರಲಿ ಅತ್ತಿ" ಎಂದು ಬಾಗಿಲಿನಿಂದ ಕೂಗುತ್ತಿದ್ದೆ. "ಹೂಂ" ಎಂಬ ಉತ್ತರ ಬರುತ್ತಿತ್ತು. ನೋಡಲು ಹೋದರೆ ಮಡಿಲಿಗೆ ಮುಚ್ಚಿಕೊಳ್ಳುತ್ತಿದ್ದಳು. "ಹೊಲದಾಗ ನೋಡು."

ಎಳ್ಳಮಾವಾಸ್ಯೆಯ ಬೆಳಿಗ್ಗೆ ಟಂಟಂ ಆಟೋ ಮಾಡಿಕೊಂಡು, ವಾಡಿ ದಾಟಿ ಹೊಲಕ್ಕೆ ಹೋದೆವು. ಗಾಡಿಯಲ್ಲಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಪಾತ್ರೆ, ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹೋಳಿಗೆ, ಅವುಗಳ ನಡುವೆ ನಾವು. ಇಬ್ಬನಿ ಇನ್ನೂ ಆರಿರಲಿಲ್ಲ. ತೊಗರಿಯ ಸಾಲುಗಳ ಮೇಲಿಂದ ಬರುವ ಗಾಳಿ ನೇರ ಕಿವಿಯೊಳಗೆ ಹೋಗುತ್ತಿತ್ತು. ಅಪ್ಪ ಮತ್ತು ಕಾಕಾ ಚರಗ ಚೆಲ್ಲಿ ಬಂದರು. ಅತ್ತೆ ಚೀಲದಿಂದ ಸ್ವೆಟರ್ ತೆಗೆದು ಕೊಡವಿದಳು. ಬಿಸಿಲಲ್ಲಿ ಅದು ಉರಿಯಿತು. ಪಕ್ಕದ ಹೊಲದವರು ಉಣ್ಣುವುದು ಬಿಟ್ಟು ತಿರುಗಿ ನೋಡಿದರು.

"ಬರ್ರಿ ವಕೀಲ್ ಸಾಬ್ರ."

ಕೈ ಎತ್ತಿದೆ. ತೋಳುಗಳು ಸರಾಗ ಇಳಿದವು, ಮೈ ಇಳಿಯಿತು, ತಲೆ ನಿಂತಿತು. ಕುತ್ತಿಗೆಯ ತೂತು ನನ್ನ ನೆತ್ತಿಯ ಮೇಲೆ ಸಣ್ಣ ಟೋಪಿಯ ಹಾಗೆ ಕೂತಿತು. ಒಳಗೆಲ್ಲ ಕೇಸರಿ ಕತ್ತಲೆ, ಉಲನ್ನಿನ ವಾಸನೆ, ಬಾಯಿಯ ತುಂಬ ಜುಂಗು. ಬೆರಳು ಆಡುವಷ್ಟು ಸಡಿಲ ಕೇಳಿದ್ದೆ. ಅವಳು ಗ್ರೂಪ್ ಫೋಟೊದ ಕುತ್ತಿಗೆಯನ್ನೇ, ಬಹುಶಃ ಇನ್ನೂ ಬಿಗಿಯಾಗಿ, ಹೆಣೆದು ಕೂರಿಸಿದ್ದಳು. ನನ್ನ ತಿದ್ದುಪಡಿಗೆ ಅವಳ ತಿದ್ದುಪಡಿ.

ಹೊರಗಿನಿಂದ ಅತ್ತೆಯ ದನಿ, ಭಾಳ ಸಮಾಧಾನದ್ದು: "ಹಾಂ, ಈಗ ವಾದ ಮಾಡು. ಕುತಗಿ ಹಿಂಗೇ ಇರಬೇಕೋ ಬ್ಯಾಡೋ?"

ನಾನು ವಾದ ಮಾಡಿದೆ. ಒಳ್ಳೆಯ ವಾದವೇ ಇತ್ತು. ಪೂರ್ತಿ ಉಲನ್ ಕುಡಿದುಬಿಟ್ಟಿತು. ದಾರಿ ಹುಡುಕಲು ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ತುರುಕತೊಡಗಿದೆ.

"ಹೂಂ ಅಂತ ತಲಿ ಅಲ್ಲಾಡಿಸ್ಲಿಕತ್ತಾಳ ನೋಡ್ರಿ!" ಅವ್ವನ ದನಿ. "ಒಪ್ಪಿದಳು ಅಕ್ಕಾರ!"

"ಎಲ್ಲಾರೂ ನೋಡೀರಿಲ್ಲ?" ಅತ್ತೆ ಕೇಳಿದಳು. ಎಲ್ಲರೂ ನೋಡಿದ್ದರು. ಪಕ್ಕದ ಹೊಲದವರೂ ನೋಡಿದ್ದೇವೆ ಎಂದರು. ಆಮೇಲೆ ಅವಳು ಎರಡೂ ಕೈಯಿಂದ ಪಟ್ಟಿಯನ್ನು ಅಗಲಿಸಿ ಹಿಡಿದು, ಆ ನೋಯುವ ಹೆಬ್ಬೆರಳನ್ನೂ ಸೇರಿಸಿ ಜಗ್ಗಿದಳು. ಕಿವಿಗಳು ಕಿತ್ತು ಬಂದವೆಂದುಕೊಂಡೆ. ತಲೆ ಹೊರಬಿತ್ತು. ಎದುರಿಗೆ ಅತ್ತೆಯ ಮುಖ. ಆ ಫೋಟೊದಲ್ಲಿ ಯಾರಿಗೂ ಸಾಧ್ಯವಾಗದಷ್ಟು ಅಗಲವಾಗಿ ನಗುತ್ತಿತ್ತು.

"ಅದು ಒಪ್ಪಿಗಿ ಅಲ್ಲ," ಉಸಿರು ಸಿಕ್ಕ ಕೂಡಲೇ ಹೇಳಿದೆ. "ಕುತ್ತಿಗಿ ಹಿಸುಕಿ ತಗೊಂಡ ಒಪ್ಪಿಗಿ ಯಾವ ಕೋರ್ಟಿನಾಗೂ ನಡಿಯಲ್ಲ."

"ಉಣ್ಲಿಕ್ಕಿ ಕುಂದ್ರು," ಎಂದಳು ಅತ್ತೆ.

ಕೂತೆ. ಗದ್ದ ಬಗ್ಗುತ್ತಿರಲಿಲ್ಲ, ತಟ್ಟೆ ಕಾಣುತ್ತಿರಲಿಲ್ಲ. ಸಭಾಪತಿಯ ಹಾಗೆ ದೂರದ ಬದುವನ್ನು ನೋಡುತ್ತ, ರೊಟ್ಟಿ ಭಜ್ಜಿಯನ್ನು ಅಂದಾಜಿನ ಮೇಲೆ ಬಾಯಿಗಿಟ್ಟುಕೊಂಡೆ. ಆಗ ತೊಗರಿಯ ಮೇಲಿಂದ ಮತ್ತೊಮ್ಮೆ ಗಾಳಿ ಬೀಸಿತು. ಎಲ್ಲರೂ ಶಾಲು, ಸೆರಗು ಎಳೆದುಕೊಂಡರು. ನನ್ನ ಕುತ್ತಿಗೆಯೊಳಗೆ ಒಂದೆಳೆ ಚಳಿಯೂ ನುಸುಳಲಿಲ್ಲ. ಅತ್ತೆ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನೆ ಅಗಿಯುತ್ತಿದ್ದೆ. ಎದುರು ಪಕ್ಷಕ್ಕೆ ಸಾಕ್ಷಿ ಒದಗಿಸುವುದು ನನ್ನ ಕೆಲಸವಲ್ಲ.